ನಾಲ್ಕು ಬೆರಳಿನಷ್ಟು

ಮುಚ್ಚುತ್ತಾ ಬರುತ್ತದೆ, ಸದ್ದಿಲ್ಲದೆ,
ಉಳ್ಳವರ ಮನೆಯ ಕಪಾಟಿನ ಹಾಗೆ.
ಇನ್ನೇನು ಅಂಚಿಗೆ ಅಂಚು ತಾಗಬೇಕು,
ಕಿರ್ ಎಂದು ನಿಂತು
ಏನೋ ಮರೆತು ಬಂದವರಂತೆ ಹಿಂದೆ ಸರಿಯುತ್ತದೆ.
ಉಳಿಯುವುದು ನಾಲ್ಕು ಬೆರಳಿನಷ್ಟು ಆಕಾಶ.

ದಮ್ಮಾಮಿನಲ್ಲಿ ಆಕಾಶ ಯಾರಿಗೆ ಬೇಕು?
ಅದಕ್ಕೆ ಹೆದರಿಯೇ ಅಲ್ಲವೇ
ಕಟ್ಟಡದಿಂದ ಕಟ್ಟಡಕ್ಕೆ ನಾವು ಓಡುವುದು.
ಆದರೂ ಕೊಳ್ಳುವಾಗ ನಾನು
ಸವೆದ ಟಯರು ನೋಡಲಿಲ್ಲ,
ಎಡಬಾಗಿಲ ಬಣ್ಣ ಬೇರೆಯಾದದ್ದು ನೋಡಲಿಲ್ಲ,
ಮಾಡಿನಲ್ಲೊಂದು ಕಿಟಕಿ ಉಂಟು ಅಂದರು, ಸಾಕಾಯಿತು.
ಹತ್ತೊಂಬತ್ತು ವರ್ಷ
ಆಸ್ಪತ್ರೆಯ ವ್ಯಾನಿನಲ್ಲಿ, ಪರದೆ ಎಳೆದ ಗಾಜಿನ ಪಕ್ಕ,
ಮುಂದಿನವಳ ಜಡೆಪಿನ್ನು ನೋಡುತ್ತಾ ಡ್ಯೂಟಿಗೆ ಹೋದವಳು.
ನಲವತ್ತೇಳಕ್ಕೆ ಲೈಸೆನ್ಸು.
ಮೂರನೇ ಸಲ ಪಾಸು ಮಾಡಿದ್ದು
ಪಾಪ ಅನಿಸಿಯೇ ಇರಬೇಕು ಆ ಹೆಂಗಸಿಗೆ.

ಮಾರಿದವನು ಬಾಬಿಕರ್, ಸುಡಾನಿನವನು, ನಮ್ಮ ಲ್ಯಾಬಿನಲ್ಲಿದ್ದ.
ಎಕ್ಸಿಟ್ ಹೊಡೆಸಿಕೊಂಡು, ಹೆಂಡತಿ, ಮೂರು ಮಕ್ಕಳು,
ಹನ್ನೊಂದು ಪೆಟ್ಟಿಗೆ ಕಟ್ಟಿ ಊರಿಗೆ ಹೋದ.
ಕೀಲಿ ಕೊಡುವಾಗ ಅಂದ,
ಮೇಲಿನದ್ದನ್ನು ಜಾಸ್ತಿ ತೆರೀಬೇಡ ಸಿಸ್ಟರ್.
ಯಾಕೆ ಅಂತ ಕೇಳಲಿಲ್ಲ ನಾನು.

ಸೋಮವಾರ ಶಮಾಲ್ ಬೀಸುತ್ತದೆ ಅಂತ ಫೋನು ಕಿರುಚಿತು.
ವಾರ್ಡಿನಿಂದ ಎರಡಿಂಚಿನ ಪ್ಲಾಸ್ಟರು, ಸುರುಳಿ ಪೂರಾ,
ಸ್ಟಾಕ್ ಪುಸ್ತಕದಲ್ಲಿ ಹದಿನಾಲ್ಕನೇ ಮೆಷೀನಿನ ಲೆಕ್ಕಕ್ಕೆ ಬರೆದು
ಅಡ್ಡಡ್ಡ ಅಂಟಿಸಿದೆ, ಗಾಯಕ್ಕೆ ಅಂಟಿಸುವ ಹಾಗೇ, ತುದಿ ಮಡಚಿ.
ಮಧ್ಯಾಹ್ನಕ್ಕೆ ಅಂಟು ಕರಗಿ
ಹಲ್ಲಿಬಾಲದಂತೆ ಜೋಲುತ್ತಿತ್ತು.
ಸಂಜೆ ಬಾಗಿಲು ತೆರೆದರೆ
ಗೇರಿನ ಬುಡದಲ್ಲಿ, ಕನ್ನಡಿಗೆ ತೂಗಿದ ಜಪಸರದಲ್ಲಿ,
ಮುಚ್ಚಿದ ಬುತ್ತಿಡಬ್ಬಿಯ ಒಳಗೂ ಮರಳು.
ಪಕ್ಕದ ಸೀಟಿನಲ್ಲಿ ಮಾತ್ರ ನಯವಾಗಿ, ಅಷ್ಟಗಲ,
ಇಳಿಯಲು ಮನಸ್ಸಿಲ್ಲದ ಯಾರೋ
ಕೂತೇ ಇದ್ದ ಹಾಗೆ.

ಒಬ್ಬ ಹೇಳಿದ, ಮೋಟರು ಹೊಸತು, ಸಾವಿರದ ಎಂಟುನೂರು ರಿಯಾಲ್.
ಇನ್ನೊಬ್ಬ, ಸಿಲಿಕಾನ್ ಹಚ್ಚಿ ಸೀಲ್ ಮಾಡುವ,
ತೆರೆಯುವ ತಾಪತ್ರಯವೂ ಇಲ್ಲ, ಮುಚ್ಚುವುದೂ ಇಲ್ಲ.
ಖುದರಿಯಾದ ಗಲ್ಲಿ ಮುಗಿಯುವಲ್ಲಿ ಇದ್ದಿನಬ್ಬ,
ಉಪ್ಪಿನಂಗಡಿ ಕಡೆಯ ಬ್ಯಾರಿ, ಗಡ್ಡಕ್ಕೆ ಮದರಂಗಿ.
ಸ್ಟೂಲು ಹತ್ತಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಹಳಿ ಕೆರೆದರು.
ಮರಳು, ಮರಳು, ಒಂದು ಖರ್ಜೂರದ ಬೀಜ,
ಮತ್ತೂ ಮರಳು,
ಹಸಿರು ಚಿಟ್ಟೆಯ ಕ್ಲಿಪ್ಪು, ರೆಕ್ಕೆ ಒಂದೇ.
ಈಗ ಒತ್ತಿ, ಅಂದರು.
ಬಂತು, ಬಂತು, ಮತ್ತೆ ಹಿಂದೆ ಹೋಯಿತು.

"ಇದಕ್ಕೆ ಸೀಕು ಇಲ್ಲ ಬಾಯಮ್ಮ, ಹೆದರಿಕೆ.
ಮುಚ್ಚುವಾಗ ನಡುವೆ ಮಕ್ಕಳ ಕೈ ಉಂಟು ಅಂತ ಗ್ರಹಿಸುವುದು.
ಕಂಪೆನಿಯವರು ಹಾಗೇ ಮಾಡಿಟ್ಟದ್ದು, ಒಳ್ಳೆದಕ್ಕೇ.
ಕಸ ಹೋದದ್ದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ.
ಕಲಿಸಬೇಕು. ಒತ್ತಿ ಹಿಡೀರಿ.
ಹಿಂದೆ ಹೋದರೂ ಬಿಡಬೇಡಿ."

ಒತ್ತಿ ಹಿಡಿದೆ.
ಡಯಾಲಿಸಿಸ್ ಮುಗಿದು ಸೂಜಿ ಕಿತ್ತ ಮೇಲೆ
ಹತ್ತಿಯಿಟ್ಟು ಹಿಡಿಯುತ್ತೇವಲ್ಲ,
ರೋಗಿ ಏನೇನೋ ಮಾತಾಡುತ್ತಾನೆ,
ನಾವು ಹೂಂಗುಟ್ಟುತ್ತಾ ಬೆರಳಿನಲ್ಲೇ ಕೇಳುತ್ತಿರುತ್ತೇವೆ.
ಹಿಂದೆ ಹೋಯಿತು. ನಿಂತಿತು.
ಸ್ವಲ್ಪ ನಡುಗಿತು.
ಆಮೇಲೆ ತಾನಾಗಿ ಹೊರಟು
ತಪ್.

ಎಂಥಾ ಮೌನ, ದೇವರೇ.
ಊರಿಗೆ ಊರೇ ಹೊರಗಾಯಿತು.
ಎ.ಸಿ.ಯ ಉಸಿರು ಕೇಳಿತು, ನನ್ನದೂ.
ಮೂವತ್ತು ರಿಯಾಲ್ ತೆಗೆದುಕೊಂಡರು,
ಚಹಾ ಅವರದೇ.

ಚಿಟ್ಟೆಯ ಫೋಟೊ ತೆಗೆದು ಬಾಬಿಕರನಿಗೆ ಕಳಿಸಿದೆ:
ಇದು ದೊಡ್ಡವಳದ್ದೋ, ಸಣ್ಣವಳದ್ದೋ?
ಅವತ್ತಿನಿಂದ ಒಂದೇ ಟಿಕ್ಕು.
ಎರಡಾಗುತ್ತದೋ ಅಂತ ಸಿಗ್ನಲ್ಲಿನಲ್ಲಿ ನೋಡುತ್ತೇನೆ,
ಹಿಂದಿನವರು ಹಾರ್ನು ಹೊಡೆಯುತ್ತಾರೆ.

ಕಿಟಕಿ ಈಗ ಸರಿಯಾಗಿ ಮುಚ್ಚುತ್ತದೆ.
ಗುಂಡಿ ಒತ್ತುವ ಮೊದಲು
ತಲೆಯೆತ್ತಿ ಒಮ್ಮೆ ನೋಡುವುದು ನನಗೇ ಅಭ್ಯಾಸವಾಗಿದೆ.
ಬ್ರೇಕು ಹಾಕಿದರೆ ಮಾತ್ರ ಈಗಲೂ
ಎಲ್ಲಿಂದಲೋ ಒಂದು ಚಿಟಿಕೆ ಮರಳು
ಮಡಿಲಿಗೆ.